ಐದು ನಿಮಿಷದ ಮರಳು

ಊರಿನಲ್ಲಿ ಹನ್ನೊಂದು ವರ್ಷದಿಂದ ಅವಳು ಹೊಟ್ಟೆ ಡಾಕ್ಟರಮ್ಮ. ಅವಳು ವಾರ್ಡಿಗೆ ಕಾಲಿಟ್ಟರೆ ಕೂತವರು ಎದ್ದು ನಿಲ್ಲುತ್ತಿದ್ದರು. ಎಂಡೋಸ್ಕೋಪಿಯ ಮೇಲ್ಮಟ್ಟದ ಕೆಲಸ ಕಲಿಯಲು ಒಂದು ವರ್ಷದ ಫೆಲೋಶಿಪ್ಪಿಗೆಂದು ಈ ದೊಡ್ಡ ಆಸ್ಪತ್ರೆಗೆ ಬಂದ ಮೇಲೆ ಅವಳಿಗೆ "ಐದು ನಿಮಿಷ" ಎಂದು ಹೆಸರಾಯಿತು. ಇಟ್ಟವರು ನರ್ಸುಗಳು. ಮೂವತ್ತೆಂಟರ ವಯಸ್ಸಿನಲ್ಲಿ ಅಡ್ಡಹೆಸರು ಬಿದ್ದರೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ ಎಂದು ಅವಳೂ ನಕ್ಕು ಸುಮ್ಮನಾಗಿದ್ದಳು.

ಹೆಸರಿಗೆ ಕಾರಣ ಅಲ್ಲಿ ಕಲಿಸುವ ದೊಡ್ಡ ಡಾಕ್ಟರ ಕಟ್ಟಪ್ಪಣೆ. ಬಾಯಿಂದ ಇಳಿಸಿದ ಸ್ಕೋಪಿನ ಕೊಳವೆ ಹೊಟ್ಟೆ ದಾಟಿ ಸಣ್ಣ ಕರುಳಿಗೆ ಹೋದರೆ, ಅಲ್ಲಿ ಗೋಡೆಯ ಮೇಲೆ ಮೊಲೆತೊಟ್ಟಿನಷ್ಟು ಒಂದು ಉಬ್ಬು. ಅದರ ಬಾಯೊಳಗೆ ಎರಡು ದಾರಿ. ಒಂದು ಪಿತ್ತನಾಳದ್ದು, ಇನ್ನೊಂದು ಮೇದೋಜೀರಕ ಗ್ರಂಥಿಯದ್ದು. ಹೊಲಿಗೆ ದಾರಕ್ಕಿಂತ ತುಸು ದಪ್ಪನೆಯ ತಂತಿಯನ್ನು ಮೊದಲನೆಯದಕ್ಕೆ ತೂರಿಸಬೇಕು. ತೂರಿಸಿದರೆ ಕಲ್ಲು ಹೊರಬರುತ್ತದೆ, ಕಾಮಾಲೆ ಇಳಿಯುತ್ತದೆ. ಕಲಿಯುವವರಿಗೆ ಇದಕ್ಕೆ ಸಿಗುವುದು ಐದೇ ನಿಮಿಷ. ಹೆಡ್ ಸಿಸ್ಟರು ಸ್ಟೀಲ್ ಟ್ರಾಲಿಯ ಮೇಲೆ ಒಂದು ಮರಳು ಗಡಿಯಾರ ತಿರುಗಿಸಿಡುತ್ತಾರೆ. ಮರಳು ಮುಗಿಯಿತೋ, ದೊಡ್ಡ ಡಾಕ್ಟರು ಎಡಗೈ ಚಾಚುತ್ತಾರೆ. ಸ್ಕೋಪು ಅವರ ಕೈಗೆ ಹೋಗುತ್ತದೆ. ಮೊದಲ ಆರು ತಿಂಗಳಲ್ಲಿ ಆ ಎಡಗೈ ಚಾಚದ ದಿನವೇ ಅಪರೂಪ.

ಅಪ್ಪಣೆಯಲ್ಲಿ ಜಂಬವಿರಲಿಲ್ಲ. ಆ ಉಬ್ಬನ್ನು ಕೆದಕಿದಷ್ಟೂ ಅದು ಊದುತ್ತದೆ, ಊದಿದರೆ ಗ್ರಂಥಿ ಕೆರಳುತ್ತದೆ. ಅವಳು ಬಂದ ಮೂರನೇ ತಿಂಗಳಲ್ಲಿ ಹೀಗೇ ಒಬ್ಬ ಬಸ್ ಡ್ರೈವರಿಗೆ ಆಗಿತ್ತು. ಮೊಣಕಾಲನ್ನು ಎದೆಗೆ ಅವುಚಿಕೊಂಡು ಆತ ಹನ್ನೊಂದು ದಿನ ನರಳಿದ್ದ. ದಿನಾ ಸಂಜೆ ಅವನ ಮಂಚದ ಪಕ್ಕ ಹೋಗಿ ಕೂರುತ್ತಿದ್ದಳು. ಯಾಕೆ ಹೀಗಾಯ್ತು ಡಾಕ್ಟ್ರೇ ಎಂದು ಅವನು ಕೇಳಿದರೆ ಅವನ ಹೊದಿಕೆ ಸರಿಪಡಿಸುತ್ತಿದ್ದಳು.

ಮನೆ ಎರಡು ದಿನದ ಪ್ರಯಾಣದಷ್ಟು ದೂರ. ಅಲ್ಲಿ ಹೈಸ್ಕೂಲಿನ ಲೆಕ್ಕದ ಮೇಷ್ಟ್ರಾದ ಗಂಡ, ಆರು ವರ್ಷದ ಮಗಳು ಪುಟ್ಟಿ. ಅವರನ್ನು ನೋಡಿ ಐದು ತಿಂಗಳಾಗಿತ್ತು. ಪುಟ್ಟಿ ಸ್ಕೂಲಿಂದ ಬರುವ ಹೊತ್ತೂ ಇವಳ ಊಟದ ಹೊತ್ತೂ ಒಂದೇ. ಇವಳು ಎಕ್ಸ್‌ರೇ ತಡೆಯುವ ಸೀಸದ ಏಪ್ರನ್ ಬಿಚ್ಚಿ, ಲಾಕರಿನಿಂದ ಫೋನು ತೆಗೆದು, ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೂತು, ವಿಡಿಯೊ ಕರೆಯಲ್ಲಿ ಮಗಳನ್ನು ನೋಡುತ್ತ ಊಟದ ಡಬ್ಬಿ ತೆರೆಯುವುದನ್ನೂ ಮರೆಯುತ್ತಿದ್ದಳು. ಮಗಳ ತಲೆ ತುಂಬಿದ ಎಣ್ಣೆ, ಬೆವರು, ಪೆನ್ಸಿಲ್ಲಿನ ವಾಸನೆ ಫೋನಿನಲ್ಲಿ ಬರುವುದಿಲ್ಲವಲ್ಲ. ಕೈಗೆ ಸಿಕ್ಕ ಟವೆಲ್ಲನ್ನು ಸುಮ್ಮನೆ ಮಡಿಲಲ್ಲಿಟ್ಟುಕೊಂಡು ಸವರುತ್ತಿದ್ದಳು.

ಈಚೆಗೆ ಪುಟ್ಟಿಯ ಕೆಳಗಿನ ಸಾಲಿನ ಮುಂದಿನ ಹಲ್ಲೊಂದು ಅಲ್ಲಾಡತೊಡಗಿತ್ತು. ಮೊದಲ ಹಲ್ಲು. ಅಪ್ಪ ದಾರ ಕಟ್ಟಿ ಎಳೆಯುತ್ತೇನೆ ಎಂದು ಬಂದರೆ ಮಂಚದಡಿ ತೂರಿ, ನೀನು ಲೆಕ್ಕದ ಮೇಷ್ಟ್ರು, ನಿಂಗೇನು ಗೊತ್ತು ಎಂದಿದ್ದಳಂತೆ. ಹಲ್ಲು ಕೀಳುವುದು ಅಮ್ಮನೇ. ಹೊಟ್ಟೆ ಡಾಕ್ಟರಿಗೂ ಹಲ್ಲಿಗೂ ಸಂಬಂಧವಿಲ್ಲ ಎಂದರೆ ಕೇಳಬೇಕಲ್ಲ. ಇನ್ನು ಹನ್ನೆರಡು ದಿನಕ್ಕೆ ಬಂದೇಬಿಡುತ್ತೇನೆ, ಹಲ್ಲಿಗೆ ಹೇಳು ಎಂದು ಇವಳೂ ಮಾತು ಕೊಟ್ಟುಬಿಟ್ಟಿದ್ದಳು.

ಆ ಮಾತು ನಿಲ್ಲಬೇಕಾದರೆ ಫೆಲೋಶಿಪ್ಪಿನ ಸರ್ಟಿಫಿಕೇಟಿಗೆ ದೊಡ್ಡ ಡಾಕ್ಟರ ಸಹಿ ಬೀಳಬೇಕಿತ್ತು. ಕೊನೆಯ ವಾರ ಮೂರು ಕೇಸು, ಮೂರನ್ನೂ ನನ್ನ ಕೈ ಸೋಕದೆ ಮುಗಿಸಿ, ಆಗ ಸಹಿ. ತಪ್ಪಿದರೆ ಇನ್ನಾರು ತಿಂಗಳು ಎಂದು ಅವರು ಮೊದಲೇ ಹೇಳಿದ್ದರು. ಸೋಮವಾರದ್ದು ನಾಲ್ಕು ನಿಮಿಷದಲ್ಲಿ ಆಯಿತು. ಬುಧವಾರದ್ದು ಎರಡರಲ್ಲೇ. ಹೆಡ್ ಸಿಸ್ಟರು, ಹೆಸರು ಬದಲಾಯಿಸಬೇಕಾಗುತ್ತೆ ಎಂದು ಅವಳ ಬೆನ್ನು ತಟ್ಟಿದರು. ಅವಳು ಗುರುವಾರವೇ ಸೂಟ್‌ಕೇಸ್ ಮಂಚದ ಮೇಲೆ ತೆರೆದಿಟ್ಟಳು.

ಶುಕ್ರವಾರದ ರೋಗಿ ಬಟ್ಟೆ ಹೊಲಿಯುವ ಒಬ್ಬ ಮುದುಕಿ. ಕಣ್ಣೆಲ್ಲ ಅರಿಸಿನದ ಬಣ್ಣ. ಮಂಪರು ಬರುವ ಮೊದಲು, ಸೂಜಿಗೆ ದಾರ ಪೋಣಿಸೋಕಿಂತ ಕಷ್ಟನಾ ಎಂದು ಕೇಳಿದ್ದಳು. ಇದಕ್ಕೆ ಎಂಜಲು ಹಚ್ಚಿ ನೆಟ್ಟಗೆ ಮಾಡೋಕಾಗಲ್ಲ ಅಜ್ಜಿ ಎಂದು ಇವಳು ನಗಿಸಿದ್ದಳು.

ಉಬ್ಬು ಸಿಕ್ಕಿತು. ಮರಳು ಇಳಿಯತೊಡಗಿತು. ತಂತಿ ಹೋಯಿತು, ಆದರೆ ಗ್ರಂಥಿಯ ಕಡೆಗೆ. ಹಿಂದಕ್ಕೆಳೆದಳು. ಎಡ ಹೆಬ್ಬೆರಳಿನಿಂದ ಸ್ಕೋಪಿನ ಹಿಡಿಯ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸಿ, ಭುಜ ವಾಲಿಸಿ, ಮತ್ತೆ ತೂರಿಸಿದಳು. ಮತ್ತೆ ಅದೇ ತಪ್ಪು ದಾರಿ. ಮುಖಗವಸಿನೊಳಗೆ ಉಸಿರು ಬಿಸಿಯಾಯಿತು. ಉಬ್ಬು ಆಗಲೇ ಕೆಂಪಾಗುತ್ತಿತ್ತು.

ಎಷ್ಟು ಮರಳಿದೆ ಎಂದು ಓರೆಗಣ್ಣಿನಲ್ಲಿ ನೋಡಿದಳು. ಗಡಿಯಾರ ಟ್ರಾಲಿಯ ಮೇಲೆ ಅಡ್ಡಡ್ಡ ಮಲಗಿತ್ತು. ಮೇಲಿದ್ದ ಬುಡ್ಡಿಯಲ್ಲಿ ಚಿಟಿಕೆಯಷ್ಟು ಮರಳು ಹಾಗೇ ನಿಂತಿತ್ತು. ಹೆಡ್ ಸಿಸ್ಟರು ಏನೂ ಅರಿಯದವರ ಹಾಗೆ ಗಾಜ್ ಬಟ್ಟೆ ಮಡಿಸುತ್ತಿದ್ದರು. ದೊಡ್ಡ ಡಾಕ್ಟರ ಕಣ್ಣು ಎಕ್ಸ್‌ರೇ ಪರದೆಯ ಮೇಲಿತ್ತು. ಅವರು ಎಂದೂ ಗಡಿಯಾರ ನೋಡಿದವರಲ್ಲ, ಸಿಸ್ಟರು "ಆಯ್ತು" ಎಂದರೆ ಕೈ ಚಾಚುವವರು.

ಸಿಸ್ಟರು ಇವತ್ತು ಆಯ್ತು ಎನ್ನುವುದಿಲ್ಲ.

ಇನ್ನೊಂದು ಸಲ ಸಾಕು, ಇನ್ನೊಂದೇ ಸಲ. ತೆರೆದಿಟ್ಟ ಸೂಟ್‌ಕೇಸ್ ಕಣ್ಣಿಗೆ ಬಂತು. ಪುಟ್ಟಿ ಬಾಯಿ ಅಗಲಿಸಿ ಹಲ್ಲನ್ನು ನಾಲಿಗೆಯಿಂದ ತಳ್ಳಿ ತೋರಿಸಿದ್ದು ಬಂತು. ಮನೆಗೆ ಹೋಗಬೇಕು ಎಂಬ ಆಸೆ ಅವಳ ಬೆರಳ ತುದಿಯವರೆಗೂ ಇಳಿದಿತ್ತು. ತಂತಿಯ ತುದಿ ಉಬ್ಬಿನ ಬಾಯಿಗೆ ತಾಗಿ ನಿಂತಿತ್ತು. ಅದರ ಬೆನ್ನಿಗೇ ಬಸ್ ಡ್ರೈವರನ ಮೊಣಕಾಲು ನೆನಪಾಯಿತು.

"ಸರ್, ಟೈಮ್ ಆಯ್ತು," ಎಂದಳು.

ಸಿಸ್ಟರು ಮಡಿಸುತ್ತಿದ್ದ ಬಟ್ಟೆಯನ್ನು ಟ್ರಾಲಿಗೆ ಕುಕ್ಕಿ ಮುಖ ತಿರುಗಿಸಿಕೊಂಡರು. ದೊಡ್ಡ ಡಾಕ್ಟರು ಎಡಗೈ ಚಾಚಿದರು. ಅವರಿಗೂ ಸುಲಭವಾಗಲಿಲ್ಲ. ಒಂದು ತಂತಿಯನ್ನು ತಪ್ಪು ದಾರಿಯಲ್ಲೇ ಬಿಟ್ಟು, ಅದರ ಪಕ್ಕದಲ್ಲಿ ಇನ್ನೊಂದನ್ನು ತೂರಿಸಿ, ಹಣೆಯ ಬೆವರನ್ನು ಎರಡು ಸಲ ಒರೆಸಿಸಿಕೊಂಡ ಮೇಲೆ ಪಿತ್ತ ಹರಿಯಿತು. ಮುದುಕಿಯ ಕಲ್ಲು ಹೊರಬಂತು.

ಕೈ ತೊಳೆಯುವಾಗ ಅವರು ನಲ್ಲಿಯ ಕಡೆಗೇ ನೋಡುತ್ತ ಹೇಳಿದರು: "ಗಡಿಯಾರ ಮಲಗಿದ್ದನ್ನು ನಾನೂ ನೋಡ್ದೆ. ಸೋಮವಾರದಿಂದ ನಿಮಗೆ ಅದು ಬೇಡ. ಯಾವಾಗ ಕೊಡಬೇಕು ಅಂತ ನಿಮಗೇ ಗೊತ್ತು." ನಲ್ಲಿ ನಿಲ್ಲಿಸಿ, "ಆದ್ರೆ ಕೈ ಇನ್ನೂ ಪಳಗಬೇಕಮ್ಮ. ಆರು ತಿಂಗಳು," ಎಂದರು.

ಹೂಂ ಎಂದಳು. ಬಟ್ಟೆ ಬದಲಿಸುವ ಕೋಣೆಗೆ ಬಂದು ಬೆಂಚಿನ ಮೇಲೆ ಕೂತು, ಏಪ್ರನ್ ಬಿಚ್ಚುವುದನ್ನೂ ಮರೆತು ಅತ್ತಳು. ಮುಖ ತೊಳೆದುಕೊಂಡು ಬರುವಷ್ಟರಲ್ಲಿ ಫೋನು ಎರಡನೇ ಸಲ ಬಡಿದುಕೊಳ್ಳುತ್ತಿತ್ತು.

ಪರದೆಯ ತುಂಬ ಪುಟ್ಟಿಯ ಬಾಯಿ. ಹಲ್ಲಿದ್ದ ಕಡೆ ಒಂದು ಕೆಂಪು ಕಿಂಡಿ.

"ನಾನು ಕಿತ್ತಿಲ್ಲ ಅಮ್ಮ," ಮಗಳ ದನಿ ನಡುಗುತ್ತಿತ್ತು. "ಕ್ಲಾಸಲ್ಲಿ ಪೆನ್ಸಿಲ್ ಕಚ್ಚಿದ್ನಾ, ಅದೇ ಬಂದ್ಬಿಡ್ತು. ನಿಂಗೆ ಅಂತ ಇಟ್ಕೊಂಡಿದ್ದೆ."

ಪರವಾಗಿಲ್ಲ ಕಂದ ಎಂದು ಇವಳು ಹತ್ತು ಸಲ ಹೇಳಿರಬೇಕು. ಹಿಂದಿನಿಂದ ಗಂಡನ ಮುಖ ಇಣುಕಿತು. ಇವಳ ಕಣ್ಣು ನೋಡಿದ್ದೇ ತಡ, ಲೆಕ್ಕ ತಿಳಿದವನಂತೆ ಸರಿದುಹೋದ.

ಪುಟ್ಟಿ ಮೂಗೊರೆಸಿಕೊಂಡು ಫೋನನ್ನು ಇನ್ನೂ ಹತ್ತಿರಕ್ಕೆ ತಂದಳು. "ಪಕ್ಕದ್ದೂ ಅಲ್ಲಾಡ್ತಿದೆ ನೋಡು. ಇದು ನಿಂದು."

"ಎಷ್ಟು ಅಲ್ಲಾಡ್ತಿದೆ?"

"ಚೂರೇ ಚೂರು."

ಮಗಳು ಬೆಳೆಯಲಿ ಎಂದು ಹಾರೈಸಿದ್ದ ತಾಯಿ, ಅವತ್ತು ಒಂದು ಹಾಲುಹಲ್ಲು ಗಟ್ಟಿಯಾಗಿ ನಿಲ್ಲಲಿ ಎಂದು ಮನಸಾರೆ ಬೇಡಿಕೊಂಡಳು.

"ಅದರಲ್ಲಿ ಏನೂ ಕಚ್ಚಬೇಡ ಕಂದ," ಎಂದಳು. "ಆರು ತಿಂಗಳು."

ಪುಟ್ಟಿ ಬೆರಳು ಮಡಿಸಿ ಎಣಿಸಿದಳು. ಒಂದು ಕೈ ಸಾಲಲಿಲ್ಲ. ಆಮೇಲೆ ಬಾಯಿ ಮುಚ್ಚಿ, ಹಲ್ಲು ಅಲುಗದ ಹಾಗೆ ತುಟಿಯ ಸಂದಿಯಲ್ಲೇ, "ಸರಿ," ಎಂದಳು.