ನಲವತ್ತು ನಂಬರಿನ ಡಬ್ಬಿ

ಬೈತಖೋಲ ಬಂದರದಲ್ಲಿ ಯಾವ ಬೋಟಿನ ಎಂಜಿನ್ ಕೆಮ್ಮಿದರೂ ಮೊದಲು ಹುಡುಕುವುದು ಮಾದೇವನನ್ನು. ಎಬಿಸಿಡಿ ಬಾರದ ಈ ಮನುಷ್ಯ ಎಂಜಿನ್ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಬೇನೆ ಎಲ್ಲಿದೆ ಎಂದು ಹೇಳಿಬಿಡುತ್ತಿದ್ದ. ಮಗಳು ನೀತಾಳಿಗೆ ಆ ಅಂಗೈಯ ಮೇಲೆ ದೇವರಷ್ಟೇ ನಂಬಿಕೆ.

ಅಂಕೋಲೆಯ ಹೈಸ್ಕೂಲಿನಲ್ಲಿ ಟೀಚರಾಗಿದ್ದ ನೀತಾ ೨೦೦೭ರಲ್ಲಿ ಹೊಸ ಕಾರು ಕೊಂಡಳು. ಮೊದಲ ಸಲ ಎಣ್ಣೆ ಬದಲಿಸುವ ಹೊತ್ತು ಬಂದಾಗ, ಕಂಡವರ ಕೈಗೆ ಕೊಡಬೇಡ, ಭಾನುವಾರ ಇಲ್ಲಿಗೇ ತಾ ಎಂದು ಅಪ್ಪ ಕಾರವಾರದಿಂದ ಫೋನ್ ಮಾಡಿಸಿದ. ಅವರ ಮನೆಯಲ್ಲೊಂದು ರೂಢಿಯಿತ್ತು. ಹೊಸ ಎಂಜಿನ್‌ಗೆ ಎಣ್ಣೆ ಹೊಯ್ಯಬೇಕಾದವನು ಎಂಜಿನ್ ಬಲ್ಲವನು ಮಾತ್ರ. ಬೋಟಿನ ಮಾಲಕನೇ ಆದರೂ ಡಬ್ಬಿ ಮುಟ್ಟುವ ಹಾಗಿಲ್ಲ. ಹೆಂಗಸರ ಮಾತಂತೂ ಎತ್ತುವುದೇ ಬೇಡ.

ನೀತಾ ಬರುವಷ್ಟರಲ್ಲಿ ಅಂಗಳದಲ್ಲಿ ಎಣ್ಣೆಯ ಡಬ್ಬಿ ಕುಂಕುಮ ಹಚ್ಚಿಕೊಂಡು ಕೂತಿತ್ತು. ನಲವತ್ತು ನಂಬರಿನ ಮಂದ ಎಣ್ಣೆ. ಅಪ್ಪನ ಬೋಟು ಇಪ್ಪತ್ತು ವರ್ಷ ಓಡಿದ್ದೇ ಅದರ ಮೇಲೆ. ಆದರೆ ಕಾರಿನ ಜೊತೆ ಬಂದ ಪುಸ್ತಕದಲ್ಲಿದ್ದದ್ದು ಫೈವ್ ಡಬ್ಲ್ಯು ಥರ್ಟಿ ಎಂಬ ತೆಳು ಎಣ್ಣೆ. ಅದನ್ನವಳು ತಂದು ಡಿಕ್ಕಿಯಲ್ಲಿ ಕೊಡೆಯ ಕೆಳಗೆ ಅಡಗಿಸಿಟ್ಟಿದ್ದಳು. ಅಪ್ಪ ತನ್ನದನ್ನೇ ಹಾಕಲಿ, ಸೋಮವಾರ ಸುಮ್ಮನೆ ಗ್ಯಾರೇಜಿನಲ್ಲಿ ಬದಲಿಸಿದರಾಯಿತು ಎಂದು ಗಂಡ ರಾಜೀವ ಉಪಾಯ ಹೇಳಿದ್ದ. ಅಪ್ಪನಿಗೆ ಮೋಸ ಮಾಡುವುದು ಎಂಜಿನ್ ಕೆಡಿಸುವುದಕ್ಕಿಂತ ಹೇಸಿಗೆ ಎನಿಸಿತ್ತು ಅವಳಿಗೆ. ಆದರೆ ಜಗಲಿಯ ಮೇಲೆ ಕೂತಿದ್ದ ಇನ್ನೊಂದು ಬೋಟಿನ ಮಾಲಕ ಶಾಂತಾರಾಮನ ಎದುರು, ನಿನ್ನ ಎಣ್ಣೆ ತಪ್ಪು ಎಂದು ಅಪ್ಪನಿಗೆ ಹೇಳುವುದಾದರೂ ಹೇಗೆ?

ಹಳೆ ಎಣ್ಣೆ ಬಸಿದು ಮುಗಿಯಿತು. ಮಾದೇವ ಕೆಳಗಿನ ಬೋಲ್ಟ್ ಬಿಗಿ ಮಾಡಿ ಡಬ್ಬಿ ಎತ್ತಿದ.

"ಅಪ್ಪಾ, ತಡಿ. ಪುಸ್ತಕದಲ್ಲಿ ಬೇರೆ ಎಣ್ಣೆ ಬರ್ದಿದ್ದಾರೆ."

ಶಾಂತಾರಾಮ ನಕ್ಕುಬಿಟ್ಟ. ಮಾದೇವ ನಗಲಿಲ್ಲ. ಡಬ್ಬಿ ಕೆಳಗಿಟ್ಟು, "ಓದು" ಎಂದ.

ಅವಳು ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದಳು. ಮೊದಲ ನಂಬರು ತಣ್ಣಗಿದ್ದಾಗ ಎಣ್ಣೆ ಹೇಗೆ ಹರಿಯುತ್ತದೆ ಎಂಬುದಕ್ಕೆ, ಎರಡನೆಯದು ಬಿಸಿಯಾದ ಮೇಲೆ ಎಷ್ಟು ಮಂದ ಉಳಿಯುತ್ತದೆ ಎಂಬುದಕ್ಕೆ. ಅಪ್ಪ ಕೇಳಿದ ಪ್ರಶ್ನೆಗಳನ್ನು ಅವಳ ಕ್ಲಾಸಿನ ಜಾಣರೂ ಕೇಳುತ್ತಿರಲಿಲ್ಲ. ಆಮೇಲೆ ಅವಳು ಡಿಕ್ಕಿಯಿಂದ ತನ್ನ ಡಬ್ಬಿ ತಂದಳು. ಅವನು ಎರಡೂ ಎಣ್ಣೆಯನ್ನು ಎರಡು ಸಣ್ಣ ಬಾಟಲಿಗೆ ಹಾಕಿ ಮೀನಿನ ಐಸ್ ಪೆಟ್ಟಿಗೆಯಲ್ಲಿ ಹುಗಿದ. ಬಂಗಡೆಯ ನಡುವೆ ಎಂಜಿನ್ ಎಣ್ಣೆ ಕಂಡು ಅವ್ವ ಗಂಗೂ ಒಳಗಿಂದಲೇ ಮಂಗಳಾರತಿ ಮಾಡಿದಳು.

ಒಂದು ತಾಸಿನ ಮೇಲೆ ಎರಡನ್ನೂ ತಾಟಿಗೆ ಬಗ್ಗಿಸಿದ. ತೆಳು ಎಣ್ಣೆ ಸರ್ರನೆ ಇಳಿಯಿತು. ನಲವತ್ತು ನಂಬರು, ಊಟ ಮುಗಿದರೂ ಏಳದ ನೆಂಟನ ಹಾಗೆ ಬಾಟಲಿಯಲ್ಲೇ ಕೂತಿತು.

ಕಾರವಾರದಲ್ಲಿ ಐಸ್ ಎಲ್ಲಿ ಬೀಳುತ್ತದೆ ಎಂದು ಶಾಂತಾರಾಮ ಕೆಣಕಿದ.

"ಬೀಳೂದಿಲ್ಲ ಖರೆ," ಎಂದ ಮಾದೇವ. "ಆದ್ರೆ ನನ್ನ ಬೋಟು ಒಂದ್ಸಲ ಚಾಲೂ ಆದ್ರೆ ನಾಲ್ಕು ದಿನ ನಿಲ್ಲೂದಿಲ್ಲ. ಇವಳ ಕಾರು ದಿನಾ ನಾಲ್ಕು ಸಲ ನಿಂತು ನಾಲ್ಕು ಸಲ ಏಳ್ತದೆ. ಎದ್ದ ಕೂಡ್ಲೇ ಎಣ್ಣೆ ಮೇಲೆ ಹತ್ತಬೇಕು. ಅದು ಹತ್ತೂ ತನಕ ಸವೆಯೂದು ಎಂಜಿನ್ನೇ."

ನೀತಾ ಬೆರಗಾದಳು. ಪುಸ್ತಕ ಕೂಡ ಇಷ್ಟು ಚೊಕ್ಕಾಗಿ ಹೇಳಿರಲಿಲ್ಲ. ನಲವತ್ತು ವರ್ಷದ ತನ್ನ ತಿಳಿವಳಿಕೆಯನ್ನು ಒಂದು ತಾಸಿನಲ್ಲಿ ಪಕ್ಕಕ್ಕಿಟ್ಟು ಹೊಸದನ್ನು ಕಲಿತ ಈ ಮನುಷ್ಯ ತನ್ನ ಅಪ್ಪ ಎಂದು ಅವಳಿಗೆ ಹೆಮ್ಮೆಯಾಯಿತು. ಹೊಸ ಡಬ್ಬಿಯನ್ನು ಅವನ ಮುಂದೆ ಹಿಡಿದಳು.

ಮಾದೇವ ಹಳೆ ಡಬ್ಬಿಯ ಕುಂಕುಮವನ್ನು ಹೆಬ್ಬೆರಳಿಗೆ ತಾಗಿಸಿಕೊಂಡು ಹೊಸ ಡಬ್ಬಿಗೆ ಒತ್ತಿದ. ಆದರೆ ಅದನ್ನು ತೆಗೆದುಕೊಳ್ಳಲಿಲ್ಲ. ಎಂಜಿನ್ನಿನ ಬಾಯಿಗೆ ಆಲಿಕೆ ಇಟ್ಟು, ಪಕ್ಕಕ್ಕೆ ಸರಿದು ನಿಂತ.

"ಬಲ್ಲವರೇ ಹೊಯ್ಬೇಕು ಮಗಾ. ಇದನ್ನ ಬಲ್ಲವಳು ನೀನು."

ಅವಳು ಡಬ್ಬಿ ಬಗ್ಗಿಸಿದಳು. ಅಪ್ಪ ಆಲಿಕೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ. ಒಂದು ಹನಿಯೂ ಹೊರಗೆ ಬೀಳಲಿಲ್ಲ.