ಮೂರಡಿ ಗೆರೆ

ನೀರು ಕಚೇರಿಯ ಸಾಹೇಬರು ಒಳಗೆ ಬಂದವರೇ ಶವಪೆಟ್ಟಿಗೆಯ ಮುಚ್ಚಳದ ಮೇಲೆ ರಿಜಿಸ್ಟರ್ ಬಿಡಿಸಿಟ್ಟರು. ಪಕ್ಕದಲ್ಲೇ ಮೇಜು ಖಾಲಿ ಇತ್ತು.

"ಅವರು ಮಲಗಿದ್ಮೇಲೆ ಎಂಟು ದಿನದ ಅಳತೆ ಖಾಲಿ ಬಿದ್ದಿದೆ. ನಿಮ್ಮಪ್ಪನ ಅಕ್ಷರದಲ್ಲೇ ಮೂರೂಕಾಲು ಅಂತ ಬರೆದ್ಬಿಡಮ್ಮ. ಅವರ ಕೆಲಸ ನಿಂಗೇ ಮಾಡಿಸಿಕೊಡ್ತೀನಿ."

ಸಾವಿನ ಮನೆಗೆ ತಕ್ಕ ದನಿ ಸಾಹೇಬರಿಗೆ ಚೆನ್ನಾಗಿ ಬರುತ್ತಿತ್ತು. ಮಗಳು ರಿಜಿಸ್ಟರನ್ನು ಎತ್ತಿ ಮೇಜಿನ ಮೇಲಿಟ್ಟಳು. ಅಪ್ಪ ಇಪ್ಪತ್ತಾರು ವರ್ಷ ದಿನಾ ಬೆಳಿಗ್ಗೆ ಕೆರೆಯ ಕಂಬ ನೋಡಿ ನೀರಿನ ಮಟ್ಟ ಬರೆದವನು. ಪಕ್ಕದಲ್ಲಿ ಆಚೆ ದಡದ ಊರಿನ ಅಳತೆಯವನೂ ರುಜು ಹಾಕಬೇಕು. ಕೆರೆ ಒಂದೇ, ಊರು ಎರಡು. ನೀರು ಮೂರಡಿ ಗೆರೆಗಿಂತ ಇಳಿದರೆ ಪಂಪುಗಳನ್ನೆಲ್ಲ ನಿಲ್ಲಿಸಿ, ಉಳಿದದ್ದನ್ನು ಕುಡಿಯಲು ಮಾತ್ರ ಹಂಚಿಕೊಳ್ಳಬೇಕೆಂಬುದು ಹಳೆಯ ಒಪ್ಪಂದ. ಪಂಪು ಒಂದು ದಿನವೂ ನಿಂತಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ನೋಡೋಣ ಎಂದಳು. ಸಾಹೇಬರು ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಹಿಂದೆಯೇ ಬಂದರು.

*

ಅವಳಿಗೆ ಆಗ ಹನ್ನೆರಡು. ಮಳೆ ತನ್ನ ತಿಂಗಳು ಮರೆತು ಎರಡು ವರ್ಷವಾಗಿತ್ತು. ಬುತ್ತಿ ಹಿಡಿದು ಕೆರೆಗೆ ಹೋದರೆ ಅಪ್ಪ ಮತ್ತು ಆಚೆ ಊರಿನವನು ನೀರಿಗಿಳಿದು ಕಂಬ ಕೀಳುತ್ತಿದ್ದರು. ಆಗಿನ್ನೂ ತಲೆ ಕಪ್ಪಗಿದ್ದ ಇದೇ ಸಾಹೇಬರು ದಡದಲ್ಲಿ ಕೊಡೆ ಹಿಡಿದು, ಇನ್ನೂ ಒಳಗೆ, ಇನ್ನೂ ಒಳಗೆ ಎನ್ನುತ್ತಿದ್ದರು. ಕಂಬ ಆಳಕ್ಕೆ ಹೋದಷ್ಟೂ ಅದರ ಮೇಲೆ ನೀರು ಏರಿತು.

"ವಾಲಿತ್ತು ಕಣೇ, ನೆಟ್ಟಗೆ ಮಾಡಿದ್ವಿ," ಎಂದ ಅಪ್ಪ. ಬುತ್ತಿ ಮುಟ್ಟಲಿಲ್ಲ.

ಆಮೇಲೆ ಇನ್ನೂ ಮೂರು ಸಲ ನೆಟ್ಟಗೆ ಮಾಡಿದ. ಕೆಟ್ಟವನಲ್ಲ, ಯಾರು ಏನೆಂದರೂ ಹೂಂ ಅನ್ನುವವನು. ಆ ಹೂಂ ನೆನೆದರೆ ಅವಳಿಗೆ ಈಗಲೂ ಹೇಸಿಗೆ.

*

ಸ್ಮಶಾನ ಕೆರೆಯಂಚಿನಲ್ಲೇ ಇತ್ತು. ಗುಂಡಿ ಮುಚ್ಚಿದ ಮೇಲೆ ಮಗಳು ನೇರವಾಗಿ ಹೋಗಿ ನೀರಿಗಿಳಿದಳು. ಆಚೆ ಊರಿನ ಅಳತೆಯವನು, ಈಗ ಹಣ್ಣು ಮುದುಕ, ಅವಳ ಹಿಂದೆಯೇ ಇಳಿದ.

"ಮೊದಲು ಎಲ್ಲಿತ್ತು ಅಂತ ನಂಗೊತ್ತು, ಬಾ ತಾಯಿ."

ಇಬ್ಬರೂ ಏದುಸಿರು ಬಿಡುತ್ತ ಕಂಬವನ್ನು ಕಿತ್ತು, ಎಳೆದು ತಂದು ಅದರ ಹಳೆಯ ಕುಳಿಯಲ್ಲಿ ನಿಲ್ಲಿಸಿ, ಸುತ್ತ ಕಲ್ಲು ಜಡಿದರು. ಅಲ್ಲಿದ್ದದ್ದು ಬಿರಿದ ಕೆಸರು, ಸತ್ತ ಮೀನಿನ ನಾತ. ನೀರು ನೂರು ಹೆಜ್ಜೆ ದೂರ. ಅವಳು ಸಾಹೇಬರ ಕಂಕುಳಿಂದ ರಿಜಿಸ್ಟರ್ ಎಳೆದುಕೊಂಡು ತನ್ನದೇ ಅಕ್ಷರದಲ್ಲಿ ಸೊನ್ನೆ ಬರೆದಳು. ಮುದುಕ ರುಜು ಹಾಕಿದ.

ಜನ ಕಂಬವನ್ನು ನೋಡಿದರು, ನೀರನ್ನು ನೋಡಿದರು. ಯಾರಿಗೂ ಗೊತ್ತಿಲ್ಲದ್ದೇನಲ್ಲ. ಸಾಹೇಬರು ಬಾಯಿ ಬಿಡುವ ಪ್ರಮೇಯವೇ ಬರಲಿಲ್ಲ. ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು ಮುಂದೆ ಬಂದ.

"ಇವತ್ತೇ ಬೇಕಿತ್ತೇನೇ ಇದೆಲ್ಲ? ಪಂಪು ನಿಂತ್ರೆ ಇಷ್ಟು ಜನಕ್ಕೆ ಸ್ನಾನಕ್ಕೆ ನೀರೆಲ್ಲಿ? ನೆಂಟ್ರು ಬೇರೆ ಬಂದಿದಾರೆ."

"ಕೆರೆ ಮುಗೀತಾ ಬಂತು ಚಿಕ್ಕಪ್ಪ."

"ಮುಗಿದಾಗ ನೋಡ್ಕೊಳ್ಳೋಣ ಬಿಡು."

ಅಪ್ಪನನ್ನು ಹೊತ್ತು ತಂದಿದ್ದ ನಾಲ್ವರು ಅಂಗಿಯ ತೋಳು ಮಡಚಿದರು. ಕಂಬವನ್ನು ಜೋಪಾನವಾಗಿ ಕಿತ್ತು, ಹೆಗಲಿಗೇರಿಸಿಕೊಂಡು, ಹೆಜ್ಜೆಗೆ ಹೆಜ್ಜೆ ಕೂಡಿಸಿ ನೀರಿನತ್ತ ನಡೆದರು. ಅವರ ಹಿಂದೆ ಚಿಕ್ಕಪ್ಪ, ಅವನ ಹಿಂದೆ ನೆಂಟರು, ಎಲ್ಲರೂ ತಲೆ ತಗ್ಗಿಸಿ.