ನಾನು ಕಲಿಸಿದ ನಡಿಗೆ

ಮೊದಲ ತಿಂಗಳು ನಾವಿಬ್ಬರೂ ಮಾತಿಲ್ಲದೆ ಹೆಸರುಕಾಳಿನ ಮೊಳಕೆಯ ಬಾಲ ಮುರಿಯುತ್ತಿದ್ದೆವು. ಬೆಳಗಿನ ಐದೂವರೆ, ಅಡುಗೆಮನೆಯ ಮೇಜು, ನಡುವೆ ಒಂದು ಬುಟ್ಟಿ. ಪಾಕ್ ಎವಾಂಡ್ರೊ ಬ್ರೆಜಿಲ್‌ನವರು. ಮರ್ಯಾದೆಗೆ ನಾವು ಗಂಡಸರನ್ನು ಪಾಕ್ ಎನ್ನುತ್ತೇವೆ, ಹೆಂಗಸರನ್ನು ಬು. ಇಂಡೋನೇಷ್ಯಾದ ನಮ್ಮ ಉಂಗಾರನ್ ಊರಿನ ಶೂ ಕಾರ್ಖಾನೆಗೆ ಮೇಲ್ವಿಚಾರಕರಾಗಿ ಬಂದಿದ್ದರು. ನಾನು ಅವರ ಮನೆಗೆಲಸದವಳು, ವಿಜಿ. ಅವರು ಬೇಗ ಎದ್ದುಬಿಡುತ್ತಿದ್ದರು. ಕಾಫಿ ಕುದಿಯುವವರೆಗೂ ಅವರ ಕೈ ಸುಮ್ಮನಿರುತ್ತಿರಲಿಲ್ಲ.

ಒಂದು ದಿನ ಮೊಳಕೆಯೊಂದನ್ನು ಎತ್ತಿ ಹಿಡಿದು ಹುಬ್ಬು ಏರಿಸಿದರು. ನಾನು ಅದರ ಹೆಸರು ಹೇಳಿದೆ. ಆಮೇಲೆ ಚಾಕು, ಉಪ್ಪು, ಇರುವೆ, ನಾಳೆ. ನಾಲ್ಕು ತಿಂಗಳಲ್ಲಿ ಇಂಡೋನೇಷ್ಯಾದ ಮಾತಿನಲ್ಲೇ ನನ್ನನ್ನು ರೇಗಿಸುವಷ್ಟಾದರು. ಆರನೇ ತರಗತಿಗೇ ಶಾಲೆ ಬಿಟ್ಟ ನನ್ನನ್ನು ಮೇಷ್ಟ್ರಮ್ಮ ಎಂದು ಕರೆದರು.

ಅಡುಗೆಯ ಬು ಸರ್ಮಿ ಸುಮ್ಮನಿರುತ್ತಾರೆಯೇ? "ಮೇಷ್ಟ್ರಮ್ಮಾ, ಪಾಠ ಮುಗಿದಿದ್ರೆ ಈರುಳ್ಳಿನೂ ಸುಲಿಯೇ. ಅದಕ್ಕೂ ಬೆತ್ತ ಬೇಕಾ?"

ಬರೀ ಮಾತು ಸಾಲದು ಎಂದು ನನಗನ್ನಿಸಿತು. ಅಮ್ಮ ನನಗೆ ಹೇಳಿಕೊಟ್ಟ ನಡತೆಯನ್ನೂ ಕಲಿಸಿದೆ. ಕೂತವರ ಮುಂದೆ ಹಾಯುವಾಗ ಸೊಂಟ ಬಗ್ಗಿಸಿ, ಬಲಗೈ ಕೆಳಗೆ ಚಾಚಿ ಹೋಗಬೇಕು. ಕೂತ್ಕೊಳ್ಳಿ ಎಂದು ಮೂರು ಸಲ ಹೇಳುವವರೆಗೆ ಕುರ್ಚಿ ಮುಟ್ಟಬಾರದು. ಯಾರ ಲೋಟ ಖಾಲಿಯಾದರೂ ತಾನೇ ಎದ್ದು ತುಂಬಬೇಕು. ಅವರು ಬಗ್ಗಿ ಬಗ್ಗಿ ನಡೆದು ಅಭ್ಯಾಸ ಮಾಡಿದರು. ತೀರಾ ಎತ್ತರದ ಮನುಷ್ಯ, ಕಪಾಟಿಗೆ ತಲೆ ಬಡಿಯಿತು. ಆ ಮನೆಯಲ್ಲಿ ನಾನು ಸದ್ದು ಮಾಡಿ ನಕ್ಕಿದ್ದು ಅದೇ ಮೊದಲು.

ಜಕಾರ್ತಾದಿಂದ ದೊಡ್ಡವರು ಕಾರ್ಖಾನೆ ನೋಡಲು ಬಂದ ದಿನ ಪಾಕ್ ಅದನ್ನೆಲ್ಲ ಮಾಡಿದರು. ಹೊಲಿಗೆ ಹುಡುಗಿಯರ ಸಾಲಿನ ಮುಂದೆ ಈ ತುದಿಯಿಂದ ಆ ತುದಿವರೆಗೆ ಬಗ್ಗಿಕೊಂಡೇ ನಡೆದರಂತೆ. ತಮ್ಮದೇ ಕೋಣೆಯಲ್ಲಿ ಕುರ್ಚಿ ಮುಟ್ಟದೆ ಗೋಡೆಗೆ ಒತ್ತಿ ನಿಂತರಂತೆ. ಜವಾನನ ಕೈಯಿಂದ ತಟ್ಟೆ ತೆಗೆದುಕೊಂಡು ತಾವೇ ಚಹಾ ಹಂಚಿದರಂತೆ. ಬು ಸರ್ಮಿಯ ತಂಗಿಯ ಮಗಳು ಅಲ್ಲೇ ಹೊಲಿಯುವವಳು.

"ಸಾಲಿಗೆ ಸಾಲೇ ನಕ್ಕಿತಂತೆ ಕಣೇ! 'ಈ ಬಿಳಿಯಪ್ಪಂಗೆ ಯಾವ ಮನೆ ಕೆಲಸದವಳು ಕಲಿಸಿದ್ಲೋ' ಅಂತ ಬಂದೋರು ಎದುರಿಗೇ ಅಂದ್ರಂತೆ." ಆಮೇಲೆ ನನ್ನ ಮುಖ ನೋಡಿ ಬು ಸರ್ಮಿ ದನಿ ತಗ್ಗಿಸಿದರು. "ಹೋಗ್ಲಿ ಬಿಡು ಮಗಾ. ದೊಡ್ಡೋರು ಹೆಂಗೆ ನಡೀತಾರೆ ಅಂತ ನಮಗ್ಯಾರು ಹೇಳಿಕೊಟ್ಟಿದಾರೆ?"

ಸಂಜೆ ಪಾಕ್ ಅಡುಗೆಮನೆಯ ಬಾಗಿಲಲ್ಲೇ ನಿಂತರು. "ವಿಜಿ, ಯಜಮಾನರೂ ಹಾಗೇ ನಡೀತಾರಾ?"

"ಗೊತ್ತಿಲ್ಲ ಪಾಕ್. ನಾನು ನಡೆಯೋದು ಹಾಗೆ."

ಬೈದಿದ್ದರೆ ಚೆನ್ನಾಗಿತ್ತು. "ಪರವಾಗಿಲ್ಲ" ಎಂದರು. ಅದೂ ನಾನು ಕಲಿಸಿದ್ದೇ.

ಮರುದಿನ ಅವರು ಅಡುಗೆಮನೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಕಾರ್ಖಾನೆಯವರು ಸೆಮರಾಂಗ್ ನಗರದಿಂದ ಒಬ್ಬ ಶಿಕ್ಷಕಿಯನ್ನು ಗೊತ್ತು ಮಾಡಿದರು. ಮಂಗಳವಾರ, ಶುಕ್ರವಾರ ಮನೆಯ ಮುಂದಿನ ಕೋಣೆಯಲ್ಲಿ ಪಾಠ. ಪಾಕ್ ಈಗ ಬೆನ್ನು ನೆಟ್ಟಗೆ ಮಾಡಿಕೊಂಡು ಮಾತಾಡುತ್ತಾರೆ. ನನಗೆ ಹೇಳುವುದು ಚಹಾ, ಇಸ್ತ್ರಿ, ಬಾಗಿಲು, ಅಷ್ಟೇ. ಮೇಷ್ಟ್ರಮ್ಮ ಎಂದು ಬು ಸರ್ಮಿ ಕೂಡ ಕರೆಯುವುದಿಲ್ಲ.

ಇವತ್ತು ಪಾಠದ ನಡುವೆ ಚಹಾ ಕೊಟ್ಟ ಮೇಲೂ ನಾನು ಅಲ್ಲೇ ನಿಂತೆ. ಹಲಗೆಯ ತುಂಬ ಉದ್ದುದ್ದ ಪದಗಳು. ನಮ್ಮದೇ ಭಾಷೆಯವು, ಅರ್ಧದಷ್ಟು ನನಗೆ ಗೊತ್ತಿಲ್ಲದವು. ಶಿಕ್ಷಕಿ ನನ್ನನ್ನು ನೋಡಿ ಪಾಕ್ ಕಡೆ ತಿರುಗಿದರು. ಅವರು ಪುಸ್ತಕದಿಂದ ತಲೆ ಎತ್ತಲಿಲ್ಲ.

"ಪಾಕ್," ಎಂದೆ, "ನಾನೂ ಇಲ್ಲೇ ಒಂದು ಮೂಲೇಲಿ ಕೂತ್ಕೊಂಡು ಕೇಳ್ಲಾ?"